ದವಡೆ ಹಲ್ಲಿಗೆ ಕ್ಯಾಪ್ ಹಾಕಿಸ್ಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ಚಕ್ಕುಲಿ ಕಡಿಯೋವಾಗ ಕೆಳಗಿನ ದವಡೆ ಹಲ್ಲಿನ ಒಂದು ಮೂಲೆ ಮುರಿದು ಬಂತು, ಅದ್ರಲ್ಲಿ ಹಳೇ ಸಿಲ್ವರ್ ಫಿಲ್ಲಿಂಗ್ ಇತ್ತು. ನೋವಿಲ್ಲ, ತಣ್ಣೀರಿಗೆ ಸ್ವಲ್ಪ ಜುಂ ಅನ್ನುತ್ತೆ ಅಷ್ಟೇ. ಒಬ್ರು ಕ್ಯಾಪ್ ಅಂದ್ರು, ಇನ್ನೊಬ್ರು ಆನ್‌ಲೇ ಅಂದ್ರು. ಯಾವುದು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪಾಪ, ಚಕ್ಕುಲಿದೇನೂ ತಪ್ಪಿಲ್ಲ ಬಿಡಿ, ದೊಡ್ಡ ಫಿಲ್ಲಿಂಗ್ ಇದ್ದ ಹಲ್ಲಿನ ಗೋಡೆ ಮೊದ್ಲೇ ತೆಳುವಾಗಿರುತ್ತೆ. ಕ್ಯಾಪ್‌ಗೆ ಹಲ್ಲನ್ನ ಸುತ್ತಲೂ ತೇಯ್ಬೇಕು, ಆನ್‌ಲೇಗೆ ಹಾಳಾದ ಭಾಗ ಮಾತ್ರ ತೆಗೆದು, ಅಳತೆ ತಗೊಂಡು, ಹೊರಗಡೆ ಸೆರಾಮಿಕ್‌ನಲ್ಲೋ ಚಿನ್ನದಲ್ಲೋ ತುಂಡು ಮಾಡಿಸಿ, ಮುರಿದ ಮೂಲೆಯನ್ನೂ ಮುಚ್ಚೋ ಹಾಗೆ ಅಂಟಿಸ್ತಾರೆ, ಹಾಗಾಗಿ ಚೆನ್ನಾಗಿರೋ ಹಲ್ಲು ಹೆಚ್ಚು ಉಳಿಯುತ್ತೆ. ಸಾಮಾನ್ಯವಾಗಿ 2 ಸಲ ಹೋಗ್ಬೇಕು, ಮಧ್ಯೆ ಹಲ್ಲಿಗೆ ಟೆಂಪರರಿ ಮುಚ್ಚಳ ಇರುತ್ತೆ, ಆ ಕಡೆ ಅಂಟಂಟು ಮಿಠಾಯಿ ತಿನ್ಬೇಡಿ.

ನಿಮ್ಮ ಕೇಸಲ್ಲಿ ನಾನಾದ್ರೆ ಆನ್‌ಲೇ ಕಡೆಗೇ ವಾಲ್ತೀನಿ, ಆದ್ರೆ ಮೊದ್ಲು ಎಕ್ಸ್‌ರೇ ತೆಗೆಸಿ. ಹುಳುಕು ನರದ ತನಕ ಹೋಗಿದ್ರೆ ರೂಟ್ ಕೆನಾಲ್ ಬೇಕಾಗ್ಬಹುದು, ಬಿರುಕು ಒಸಡಿನ ಕೆಳಗೆ ಆಳವಾಗಿ ಇಳಿದಿದ್ರೆ ಲೆಕ್ಕಾನೇ ಬೇರೆ. ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದ್ರೆ ಅದನ್ನೂ ಹೇಳಿ, ಮಲಗೋವಾಗ ಹಲ್ಲಿಗೆ ಹಾಕ್ಕೊಳ್ಳೋ ಕವಚ, ಅಂದ್ರೆ ನೈಟ್ ಗಾರ್ಡ್ ಕೊಡ್ತಾರೆ. ಆನ್‌ಲೇ ಅಂಚಲ್ಲಿ ಮತ್ತೆ ಹುಳುಕು ಹಿಡೀಬಹುದು, ಬ್ರಷ್ ತಪ್ಪಿಸ್ಬೇಡಿ.