ಗೋಣಿಚೀಲ ಹಾಸಿದ್ದು ಯಾರು, ಮೇಷ್ಟ್ರೇ?

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲೊಂದು ನಾಯಿ ಇದೆ. ಸಾಕಲಿ, ಬೇಡ ಅನ್ನುವುದಿಲ್ಲ. ಆದರೆ ಅದು ರಾತ್ರಿ ಮೊಮ್ಮಗಳ ಮಂಚದ ಮೇಲೆ, ಅವಳ ರಗ್ಗಿನೊಳಗೆ ಮಲಗುತ್ತದೆ. ಕೇಳಿದರೆ ಸೊಸೆ ‘ಅದೂ ಮನೆ ಮಗುನೇ ಮಾವ’ ಅನ್ನುತ್ತಾಳೆ. ನಮ್ಮ ಹಿರಿಯರು ಪ್ರಾಣಿಯನ್ನು ಹೊಸಿಲ ಒಳಗೆ ಬಿಟ್ಟುಕೊಂಡವರಲ್ಲ. ನಾಯಿ ಮುಟ್ಟಿದ ಹವಿಸ್ಸು ಯಜ್ಞಕ್ಕೆ ಬರುವುದಿಲ್ಲ ಅಂತ ಶಾಸ್ತ್ರವೇ ಹೇಳಿದೆ. ನಾಯಿಯ ಜೊತೆ ಮಲಗಿದರೆ ಪ್ಲೇಗ್ ಕೂಡ ಬರಬಹುದು ಅಂತ ಅಮೆರಿಕದವರು ಬರೆದದ್ದನ್ನು ಓದಿದ್ದೇನೆ. ತಾವು ಈ ಬಗ್ಗೆ ಖಾರವಾಗಿ ಬರೆಯಬೇಕು. ಸೊಸೆ ನಿಮ್ಮ ಪತ್ರಿಕೆ ಓದುತ್ತಾಳೆ.

ವಿ.ಸೂ.: ಕಳೆದ ಡಿಸೆಂಬರಿನಲ್ಲಿ ಇವರೆಲ್ಲ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿದ್ದರು. ಅದು ರಾತ್ರಿಯೆಲ್ಲ ನನ್ನ ಬಾಗಿಲು ಕೆರೆಯಿತು. ನಿದ್ದೆ ಕೆಟ್ಟು, ಊರಿಂದ ಅಕ್ಕಿ ತಂದಿದ್ದ ಗೋಣಿಚೀಲವನ್ನು ನನ್ನ ಕೋಣೆಯಲ್ಲೇ ಹಾಸಬೇಕಾಯಿತು. ಇದನ್ನು ಅಚ್ಚು ಹಾಕುವುದು ಬೇಡ.

– ಹೆಸರು ಬೇಡ, ಬೆಂಗಳೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಬೇಡ ಅಂದ ವಿ.ಸೂ.ವನ್ನೂ ಅಚ್ಚು ಹಾಕಿದ್ದೇನೆ. ಎರಡು ಪುಟದ ನಿಮ್ಮ ಪತ್ರಕ್ಕೆ ಎಲ್ಲೆಲ್ಲೋ ಕತ್ತರಿ ಹಾಕಿದೆ. ಆ ಸಾಲುಗಳಿಗೆ ಹಾಕಲು ಮಾತ್ರ ಕೈ ಬರಲಿಲ್ಲ. ಹೆಸರು ಹಾಕಿಲ್ಲವಲ್ಲ, ಸೊಸೆಗೆ ಗೊತ್ತಾಗಲ್ಲ. (ಗೊತ್ತಾದರೆ ಆಗಲಿ ಬಿಡಿ.)

ಖಾರವಾಗಿ ಬರೆಯಿರಿ ಅಂದಿದ್ದೀರಿ. ಬರೆಯುತ್ತೇನೆ. ಖಾರ ಯಾರ ಎಲೆಗೆ ಬೀಳಬೇಕು ಅನ್ನುವುದು ಬಡಿಸುವವನಿಗೆ ಬಿಟ್ಟದ್ದು.

ನಿಮ್ಮ ಹೆದರಿಕೆ ಪೂರ್ತಿ ಸುಳ್ಳಲ್ಲ. ನಾಯಿ ಬೆಕ್ಕಿನಿಂದ ಮನುಷ್ಯರಿಗೆ ಹುಳುಕಡ್ಡಿ ಅಂಟುತ್ತದೆ. ಜಂತುಹುಳ ಬರಬಹುದು. ಬೆಕ್ಕಿನ ಉಗುರು ಗೀರಿದರೂ ಜ್ವರ ಬಂದು ಗಂಟು ಕಟ್ಟುವುದುಂಟು. ಮಲೆನಾಡಿನಲ್ಲಿ ಕಾಡು ಸುತ್ತಿ ಬರುವ ನಾಯಿಯ ಮೈಮೇಲೆ ಉಣುಗು ಇರುತ್ತದೆ. ಉಣುಗಿನಿಂದ ಬರುವ ಮಂಗನ ಕಾಯಿಲೆಗೆ ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಅಂಟಿದ್ದು 1957ರಲ್ಲಿ. ಆ ಕಡೆಯವರು ನಾಯಿಯ ಕಿವಿ ಸಂದು, ಕಾಲ್ಬೆರಳ ಸಂದು ನೋಡದೆ ಒಳಗೆ ಬಿಡಬಾರದು. ಎಳೆ ಕೂಸು, ಉಬ್ಬಸದವರು, ಕೀಮೋ ತೆಗೆದುಕೊಳ್ಳುತ್ತಿರುವವರು ಇರುವ ಹಾಸಿಗೆಗೂ ಬೇಡ. ವರ್ಷ ವರ್ಷ ರೇಬಿಸ್ ಇಂಜೆಕ್ಷನ್ ತಪ್ಪಬಾರದು, ಹುಳದ ಔಷಧಿ ಮರೆಯಬಾರದು. ಇದಿಷ್ಟು ನಿಮ್ಮ ಪಾಲು. ಮಾರ್ಕ್ಸ್ ಕೊಟ್ಟಾಯಿತು.

ಇನ್ನು ನಿಮ್ಮ ಪ್ಲೇಗು. ನೀವು ಓದಿದ್ದರ ಮೂಲ ಯಾವುದು ಅಂತ ನನಗೆ ಗೊತ್ತು. 2011ರಲ್ಲಿ ‘ಎಮರ್ಜಿಂಗ್ ಇನ್ಫೆಕ್ಷಿಯಸ್ ಡಿಸೀಸಸ್’ ಅನ್ನುವ ಅಮೆರಿಕದ ಪತ್ರಿಕೆಯಲ್ಲಿ ಬಂದ ಲೇಖನ. ಮಲಗುವ ಕೋಣೆಯಲ್ಲಿ ಪ್ರಾಣಿಗಳಿಂದ ಬರುವ ರೋಗಗಳು ಅಂತ ಅದರ ವಿಷಯ. ಪ್ಲೇಗಿನ ಮಾತು ಅದರಲ್ಲಿರುವುದು ನಿಜ. ಆದರೆ ಅದು ಅಮೆರಿಕದ ಕೆಲವು ಬಯಲು ಸೀಮೆಯ ಕಥೆ. ಅಲ್ಲಿನ ಕಾಡು ಅಳಿಲು, ಇಲಿಗಳ ಮೈಮೇಲಿನ ಚಿಗಟ ನಾಯಿ ಬೆಕ್ಕಿಗೆ ಹತ್ತಿ, ಅಲ್ಲಿಂದ ಮನೆಯವರಿಗೆ ಹತ್ತುತ್ತದೆ. ನಿಮ್ಮ ಮೊಮ್ಮಗಳ ನಾಯಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಯಾವ ಕಾಡು ಅಳಿಲಿನ ಸಹವಾಸ ಮಾಡೀತು? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಊರು ಖಾಲಿಯಾಯಿತು, ಪ್ಲೇಗಮ್ಮನ ಗುಡಿಗಳು ಎದ್ದವು, ಬಸವನಗುಡಿ ಮಲ್ಲೇಶ್ವರಗಳು ಬೆಳೆದವು. ಆಗ ರೋಗ ಹರಡಿದ್ದು ಇಲಿಯ ಚಿಗಟ. ಪಾಠ ಹೇಳಿದವರು ನೀವು, ನಾನು ನೆನಪು ಮಾಡಬೇಕಾಗಿರಲಿಲ್ಲ.

ಅಮೆರಿಕದವರ ಮಾತೇ ಬೇಕು ಅಂದರೆ ಇನ್ನೊಂದು ಕೇಳಿ. 2017ರಲ್ಲಿ ಮೇಯೋ ಕ್ಲಿನಿಕ್‌ನವರು, ನಿದ್ದೆಯ ತೊಂದರೆ ಇಲ್ಲದ 40 ಮಂದಿಗೆ ಏಳು ರಾತ್ರಿ ಕೈಗೆ ನಿದ್ದೆ ಅಳೆಯುವ ಒಂದು ಯಂತ್ರ ಕಟ್ಟಿದರು. ಅವರ ನಾಯಿಗಳ ಕೊರಳಪಟ್ಟಿಗೂ ಒಂದೊಂದು ಕಟ್ಟಿದರು. ನಾಯಿ ಕೋಣೆಯಲ್ಲಿ ಬೇರೆ ಕಡೆ ಮಲಗಿದಾಗ, ಹಾಸಿಗೆಯಲ್ಲಿದ್ದ ಹೊತ್ತಿನ 83 ಪರ್ಸೆಂಟ್ ನಿದ್ದೆ. ನಾಯಿ ಹಾಸಿಗೆಗೇ ಬಂದರೆ 80. ಎಂಟು ಗಂಟೆಗೆ ಲೆಕ್ಕ ಹಾಕಿದರೆ ನಷ್ಟ ಹದಿನಾಲ್ಕು ನಿಮಿಷ. ನನ್ನ ಗೊರಕೆಯಿಂದ ನನ್ನ ಹೆಂಡತಿಗೆ ಆಗಿರುವ ನಷ್ಟವನ್ನು ಯಾರೂ ಅಳೆದಿಲ್ಲ, ಪುಣ್ಯ. ಅಂದ ಹಾಗೆ ನಾಯಿಗಳ ನಿದ್ದೆ 85 ಪರ್ಸೆಂಟ್! ಮರುವರ್ಷ ಕ್ಯಾನಿಸಿಯಸ್ ಕಾಲೇಜಿನವರು 962 ಹೆಂಗಸರನ್ನು ಕೇಳಿದರು. ಪಕ್ಕದಲ್ಲಿ ಮಲಗುವ ಮನುಷ್ಯನಿಗಿಂತ ನಾಯಿಯೇ ಕಡಿಮೆ ಎಬ್ಬಿಸುತ್ತದೆ ಅಂದರು. ಇದನ್ನು ಮನೆಯಲ್ಲಿ ಜೋರಾಗಿ ಓದಿ ಹೇಳಿದ್ದು ನನ್ನ ತಪ್ಪು. ಆವತ್ತಿನಿಂದ ಮಂಚದ ನಡುವಿನ ಜಾಗ ನಮ್ಮ ಕೆಂಚನದು.

ಕೆಂಚ ಜಾತಿ ನಾಯಿ ಅಲ್ಲ. ಪ್ರೆಸ್ಸಿನ ಹಿಂದಿನ ಚರಂಡಿ ಪಕ್ಕ ಸಿಕ್ಕ ಕಂತ್ರಿ ಮರಿ. ಈಗ ಒಂಬತ್ತು ವರ್ಷ. ಅವನು ಮಲಗುವುದನ್ನು ನೀವೊಮ್ಮೆ ನೋಡಬೇಕು. ಮೊದಲು ಬೆಡ್‌ಶೀಟನ್ನು ಎರಡೂ ಮುಂಗಾಲಿನಲ್ಲಿ ಕೆರೆದು ಗುಡ್ಡೆ ಹಾಕುತ್ತಾನೆ. ಅದರ ಸುತ್ತ ಮೂರು ಸುತ್ತು. ನಾಲ್ಕನೆಯದಕ್ಕೆ ದೊಪ್ಪಂತ ಬಿದ್ದು, ದೂರದ ಊರಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಸೋದರಮಾವನ ಹಾಗೆ ‘ಉಸ್ಸಪ್ಪಾ’ ಅಂತ ಉಸಿರು ಬಿಡುತ್ತಾನೆ. ಬೆನ್ನು ನನ್ನ ಮೊಣಕಾಲಿಗೆ ಒತ್ತಿರಬೇಕು. ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿ, 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ನನಗೆ ಮೊಣಕಾಲು ನೋವಿದೆ. ಬಿಸಿನೀರಿನ ಚೀಲ ಅರ್ಧ ರಾತ್ರಿಗೆ ಆರಿಹೋಗುತ್ತದೆ, ಕೆಂಚ ಆರುವುದಿಲ್ಲ.

ಈಗ ‘ನಮ್ಮ ಹಿರಿಯರು’ ವಿಷಯಕ್ಕೆ ಬರೋಣ. ನನಗೆ ಸಿಟ್ಟು ಬಂದದ್ದು ಅಲ್ಲೇ. ನಿಮ್ಮ ಕಡೆಯ ಹಳೇ ಮನೆಗಳನ್ನು ನೀವು ನೋಡಿಲ್ಲವಾ ಮೇಷ್ಟ್ರೇ? ತಲಬಾಗಿಲು ದಾಟಿದರೆ ಮೊದಲು ಸಿಗುವುದೇ ದನ ಕಟ್ಟುವ ಅಂಕಣ, ಗೋದಲಿ. ಅದರಾಚೆ ಎರಡು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅಲ್ಲಿ ಮನೆ ಮಂದಿಯೆಲ್ಲ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದರು. ಎತ್ತಿನ ಕೊರಳ ಗೆಜ್ಜೆ ಕೇಳುತ್ತಲೇ ನಿದ್ದೆ. ಮಳೆಗಾಲದಲ್ಲಿ ಈದ ಮೇಕೆಯ ಮರಿ ಒಲೆಯ ಪಕ್ಕ. ಬೆಕ್ಕು ಯಾರ ಕಾಲ ಹತ್ತಿರ ಬೆಚ್ಚಗಿದೆಯೋ ಅಲ್ಲಿ. ಹೊಸಿಲಾಚೆ ಇದ್ದದ್ದು ಯಾವ ಪ್ರಾಣಿ, ಹೇಳಿ? ಪ್ರಾಣಿ ಹೊರಗೆ ಹೋದದ್ದು ನಮ್ಮ ಮನೆಗೆ ಟೈಲ್ಸ್ ಬಂದ ಮೇಲೆ, ಸ್ಪಂಜಿನ ಹಾಸಿಗೆ ಬಂದ ಮೇಲೆ. ಅದು ಹಿರಿಯರ ಕಟ್ಟಳೆ ಅಲ್ಲ, ನಿಮ್ಮ ನಮ್ಮ ಕಾಲದ್ದು. ತಂದು ಹಿರಿಯರ ತಲೆಗೆ ಕಟ್ಟುತ್ತಿದ್ದೇವೆ, ಅಷ್ಟೇ.

ನಮ್ಮಜ್ಜಿ ಮಡಿ ಅಂದರೆ ಮಡಿ. ಸ್ಕೂಲಿಂದ ಬಂದ ನಾನು ಅವರ ಸೀರೆ ಸೆರಗು ಸೋಕಿದರೆ ಮತ್ತೆ ಬಾವಿಗೆ ಹೋಗಿ ತಲೆ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಆದರೆ ಸುಬ್ಬಿ ಅನ್ನುವ ಬೂದು ಬೆಕ್ಕು ದಿನಾ ರಾತ್ರಿ ಅಜ್ಜಿಯ ಹೊಟ್ಟೆಗೆ ಒತ್ತಿಕೊಂಡೇ ಮಲಗುತ್ತಿತ್ತು. ‘ನಾನು ಮುಟ್ಟಿದರೆ ಮೈಲಿಗೆ, ಸುಬ್ಬಿ ಮುಟ್ಟಿದರೆ ಇಲ್ಲವಾ’ ಅಂತ ನಾನೊಂದು ದಿನ ರಂಪ ಮಾಡಿದೆ. ಅಜ್ಜಿ ಹಾಸಿಗೆಯ ಮೇಲಿನ ಕರಿ ಕಂಬಳಿ ತೋರಿಸಿದರು. ‘ಕಂಬಳಿಗೆ ಮೈಲಿಗೆ ಇಲ್ಲ ಕಣೋ. ಅದು ಕಂಬಳಿ ಮೇಲೆ ಮಲಗತ್ತೆ, ನಾನು ಕಂಬಳಿ ಕೆಳಗೆ ಮಲಗ್ತೀನಿ.’ ಅಷ್ಟು ದೊಡ್ಡ ಶಾಸ್ತ್ರದೊಳಗೆ ಒಂದು ಬೆಕ್ಕು ತೂರುವಷ್ಟು ಕಿಂಡಿ ಹುಡುಕಿಕೊಂಡಿದ್ದರು. ಕಂಬಳಿ ತುಂಬಾ ಬೆಕ್ಕಿನ ಕೂದಲು. ವಾರಕ್ಕೊಮ್ಮೆ ಅಂಗಳದ ಬಿಸಿಲಿಗೆ ಹಾಕಿ, ಕೋಲಿನಲ್ಲಿ ಬಡಿದು, ಮಡಚಿ ತರುವುದು ನನ್ನ ಕೆಲಸ. ಇವತ್ತಿನ ಪಶುವೈದ್ಯರು ಹೇಳುವುದೂ ಹೆಚ್ಚು ಕಡಿಮೆ ಅದೇ ತಾನೆ: ಪ್ರಾಣಿಗೆ ಮೇಲೊಂದು ಬೇರೆ ಹೊದಿಕೆ ಹಾಸಿ, ಅದನ್ನು ಆಗಾಗ ಒಗೆಯಿರಿ.

ಶಾಸ್ತ್ರ ಅಂದಿರಲ್ಲ. ಹವಿಸ್ಸಿನ ಮಾತು ನೀವೇ ತೆಗೆದದ್ದು, ಹಾಗಾಗಿ ಮಹಾಭಾರತದ ಆದಿಪರ್ವ ತೆಗೆಯಿರಿ. ಜನಮೇಜಯನ ಯಾಗ ನಡೆಯುತ್ತಿರುವಲ್ಲಿಗೆ ಒಂದು ನಾಯಿಮರಿ ಬರುತ್ತದೆ. ರಾಜನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಅದು ಅಳುತ್ತಾ ಅಮ್ಮನ ಹತ್ತಿರ ಹೋಗುತ್ತದೆ. ನೀನೇನಾದರೂ ತಪ್ಪು ಮಾಡಿದೆಯಾ ಅಂತ ಅಮ್ಮ ಸರಮೆ ಕೇಳುತ್ತಾಳೆ. ಇಲ್ಲ, ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಅನ್ನುತ್ತದೆ ಮರಿ. ಸರಮೆ ನೇರ ಯಾಗಶಾಲೆಗೇ ಹೋಗಿ, ಯಾಕೆ ಹೊಡೆದಿರಿ ಅಂತ ಕೇಳುತ್ತಾಳೆ. ಒಬ್ಬರೂ ಬಾಯಿ ಬಿಡುವುದಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಅಂತ ಶಾಪ ಕೊಟ್ಟು ಹೋಗುತ್ತಾಳೆ. ಜನಮೇಜಯ ಆ ಶಾಪ ಕಳೆಯುವ ಪುರೋಹಿತನನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಕೊನೆಯಲ್ಲಿ ಧರ್ಮರಾಯನ ನಾಯಿ ನಿಮಗೆ ಗೊತ್ತೇ ಇದೆ, ಅದನ್ನು ಹೇಳಿ ಹೊತ್ತು ಕಳೆಯುವುದಿಲ್ಲ. ಆದರೆ ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಜಾಗ ಇಲ್ಲ ಅಂತ ಅಲ್ಲಿ ಹೇಳಿದ್ದು ಇಂದ್ರ. ಆ ಇಂದ್ರ ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದಾನೆ.

ಕಸ್ತೂರ್‌ಬಾ ರಸ್ತೆಯ ಮ್ಯೂಸಿಯಂ ನಿಮ್ಮ ಮಗನ ಮನೆಯಿಂದ ಒಂದು ಬಸ್ಸಿನ ದಾರಿ. ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಆತಕೂರಿನ ವೀರಗಲ್ಲು ತೋರಿಸಿ. ಮದ್ದೂರು ತಾಲ್ಲೂಕಿನ ಆತಕೂರಿನದು, ಕಾಲ 949–50. ಗಂಗರ ದೊರೆ ಬೂತುಗನ ಹತ್ತಿರ ಮಣಲೇರ ಅನ್ನುವ ವೀರ ಏನು ಕೇಳಿಕೊಂಡ ಗೊತ್ತಾ? ಕಾಳಿ ಅನ್ನುವ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ದೇವಸ್ಥಾನದ ಎದುರು ಇಟ್ಟು, ಭೂಮಿ ಬಿಟ್ಟರು. ರಾಷ್ಟ್ರಕೂಟರು ಚೋಳರನ್ನು ಗೆದ್ದ ತಕ್ಕೋಲದ ಯುದ್ಧದ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಆದರೆ ಮೇಲೆ ಕೆತ್ತಿರುವುದು ರಾಜರನ್ನಲ್ಲ, ಹಂದಿಯ ಜೊತೆ ಕಾದುವ ನಾಯಿಯನ್ನು. ಇನ್ನೂ ಹಿಂದಕ್ಕೆ ಹೋದರೆ ಇಸ್ರೇಲ್‌ನ ಐನ್ ಮಲ್ಲಾಹದಲ್ಲಿ ಸುಮಾರು 12,000 ವರ್ಷ ಹಳೆಯ ಒಂದು ಗೋರಿ ಸಿಕ್ಕಿದೆ. ಮಲಗಿಸಿದ ಮನುಷ್ಯನ ಕೈ ನಾಯಿಮರಿಯೊಂದರ ಮೇಲಿದೆ. ಮಂಚ ಅನ್ನುವುದು ಇನ್ನೂ ಹುಟ್ಟೇ ಇರಲಿಲ್ಲವೇನೋ.

ನಿಜ ಹೇಳಲಾ? ನಿಮ್ಮ ಪ್ಲೇಗು, ನಿಮ್ಮ ಹವಿಸ್ಸು ಎರಡೂ ಒಂದೇ. ಮೈಲಿಗೆ ಅಂದರೆ ಈಗ ನಾಲ್ಕು ಜನ ನಗುತ್ತಾರೆ ಅಂತ ಅದಕ್ಕೆ ‘ಇನ್ಫೆಕ್ಷನ್’ ಅಂತ ಹೊಸ ಅಂಗಿ ತೊಡಿಸಿದ್ದೇವೆ. ಬಾಡಿಗೆ ಮನೆ ಹುಡುಕಿದವರನ್ನು ಕೇಳಿ. ಮೊದಲು ‘ನೀವು ಯಾವ ಜನ’, ಆಮೇಲೆ ‘ನಾನ್‌ವೆಜ್ ಮಾಡ್ತೀರಾ’, ಮೂರನೆಯದು ‘ನಾಯಿಗೀಯಿ ಇಲ್ಲ ತಾನೆ’. ಮೂರೂ ಪ್ರಶ್ನೆ ಒಂದೇ ಬಾಯಿಂದ ಬರುತ್ತವೆ. ಕೆಂಚನನ್ನು ಇಟ್ಟುಕೊಂಡು ನಾನೇ ಒಂದು ಸಲ ಆರು ಮನೆಗಳ ಗೇಟಿಂದ ವಾಪಸ್ ಬಂದಿದ್ದೇನೆ. ನಾಯಿ ಸಾಕಬೇಡಿ ಅಂತಾಗಲಿ, ಲಿಫ್ಟಿಗೆ ತರಬೇಡಿ ಅಂತಾಗಲಿ ನಿವಾಸಿಗಳ ಸಂಘ ಹೇಳುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೂ ಬೋರ್ಡು ನೇತಾಡುತ್ತಲೇ ಇದೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ ಅಂತ ನಿಯಮ ತಂದು, ಜನ ಬೈದ ಮೇಲೆ ವಾಪಸ್ ತೆಗೆದುಕೊಂಡಿತು.

ನಾಯಿ ಪ್ರೀತಿಯವರು ಅಂದುಕೊಂಡವರನ್ನೂ ಬಿಡುವುದಿಲ್ಲ. ಸೈಬೀರಿಯಾದ ಹಿಮಕ್ಕೆಂದು ಎರಡು ಪದರ ಕೂದಲು ಹೊತ್ತು ಹುಟ್ಟಿದ ಹಸ್ಕಿಯನ್ನು ತಂದು ಬಳ್ಳಾರಿ ಬಿಸಿಲಿನ ಬಾಲ್ಕನಿಯಲ್ಲಿ ಕಟ್ಟುವವರಿದ್ದಾರೆ. ಅವರಿಗೆ ಬೇಕಾದದ್ದು ಫೋಟೋ. ನಮ್ಮದೇ ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, 2016ರಲ್ಲಿ ಅದರ ಮರಿಗಳನ್ನು ಸೇನೆಯವರು ತರಬೇತಿಗೆಂದು ಮೀರತ್‌ಗೆ ಕರೆದುಕೊಂಡು ಹೋದರು. ಅದು ಮಾತ್ರ ಇವರ ಕಣ್ಣಿಗೆ ಬಡಕಲು. ಮೈಮೇಲೆ ಕೊಬ್ಬಿಲ್ಲದ, ತೆಳ್ಳನೆ ಕೂದಲಿನ ಆ ನಾಯಿಗೆ ಚಳಿ ತಡೆಯುವುದಿಲ್ಲ. ಮುಧೋಳದ ನಾಯಿ ಸಾಕಿದ ನನ್ನ ಗೆಳೆಯರೊಬ್ಬರು ಒಂದು ರಾತ್ರಿ ಗಟ್ಟಿ ಮನಸ್ಸು ಮಾಡಿ ಅದನ್ನು ವರಾಂಡದಲ್ಲಿ ಬಿಟ್ಟರಂತೆ. ಬೆಳಿಗ್ಗೆ ಎದ್ದು ನೋಡಿದರೆ ಒಗೆಯಲು ಹಾಕಿದ್ದ ಬಟ್ಟೆಯ ಬುಟ್ಟಿಯಲ್ಲಿ, ಅವರದೇ ಬನಿಯನ್ನಿನೊಳಗೆ ಮೂತಿ ತೂರಿಸಿ ಮಲಗಿತ್ತು. ಮರುದಿನದಿಂದ ಮಂಚ.

ನಿಮ್ಮ ಸೊಸೆಗೂ ಎರಡು ಮಾತು. ಅಮ್ಮಾ, ಉಗುರು ಕತ್ತರಿಸಿ, ವಾಕಿಂಗ್ ಮುಗಿಸಿ ಬಂದಾಗ ಕಾಲು ಒರೆಸಿ, ಹೊದಿಕೆ ವಾರಕ್ಕೊಮ್ಮೆ ಬಿಸಿನೀರಿಗೆ ಹಾಕಿ. ಮಾವ ಗೊಣಗಿದರೆ ಸುಮ್ನೆ ಕೇಳಿಸಿಕೊಳ್ಳಿ. ನಾಲ್ಕು ರಾತ್ರಿಗೆ ಅಂತ ಹಾಸಿದ ಚೀಲವನ್ನು ಅವರು ಆಮೇಲೆ ತೆಗೆದರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ, ಅದನ್ನೂ ಗಮನಿಸಿ.

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಆ ರಾತ್ರಿ ನೀವು ಬಾಗಿಲ ಕಡೆ ತಿರುಗಿ ಬೈದು ಮತ್ತೆ ಮಲಗಬಹುದಿತ್ತು. ಎದ್ದಿರಿ, ಅಕ್ಕಿ ಚೀಲ ಖಾಲಿ ಮಾಡಿದಿರಿ, ಕೊಡವಿ, ಮಂಚದ ಪಕ್ಕ ಹಾಸಿದಿರಿ. ಒಂದು ಗಂಟೆ ರಾತ್ರಿಯಲ್ಲಿ ಅಕ್ಕಿಯನ್ನು ಯಾವ ಡಬ್ಬಿಗೆ ಸುರಿದಿರೋ ಏನೋ. ಮುಂದಿನ ಸಲ ಊರಿಗೆ ಹೋದಾಗ ಹಾಗೇ ಚಳ್ಳಕೆರೆಗೆ ಹೋಗಿ ಒಂದು ಕರಿ ಕಂಬಳಿ ತನ್ನಿ. ಡಿಸೆಂಬರಿಗೆ ಮುಂಚೆ. ಗೋಣಿಚೀಲ ಚುಚ್ಚುತ್ತದೆ.