ಫಿಲ್ಟರ್ ನೀರಿನ ಘಟಕ ಯಾರ ಕೈಗೆ ಕೊಡೋಣ?

ಪ್ರಶ್ನೆ: ನಮ್ಮೂರಿನಲ್ಲಿ ಪಂಚಾಯಿತಿಯ ಶುದ್ಧ ನೀರಿನ ಘಟಕ 8 ತಿಂಗಳಿಂದ ಬಂದ್ ಇದೆ. ಈಗ ಒಂದು ಸಂಸ್ಥೆಯವರು ಬಂದು, ‘ನಮ್ಮದು ಲಾಭಕ್ಕೆ ಮಾಡುವ ಧಂದೆ ಅಲ್ಲ, ಸಾಮಾಜಿಕ ಉದ್ಯಮ. ಘಟಕ ನಮಗೆ ಕೊಡಿ, 20 ಲೀಟರಿಗೆ 5 ರೂಪಾಯಿಯಂತೆ ನೀರು ಕೊಡುತ್ತೇವೆ’ ಎನ್ನುತ್ತಿದ್ದಾರೆ. ಅರ್ಧ ಊರು ಕೊಟ್ಟುಬಿಡಿ ಅನ್ನುತ್ತಿದೆ. ನಮ್ಮ ಕಾಕಾ ಮಾತ್ರ ‘ನೀರು ಕೊಡುವುದು ಸರ್ಕಾರದ ಕೆಲಸ’ ಅಂತ ಹಟ ಹಿಡಿದಿದ್ದಾರೆ. ಯಾರು ಸರಿ?
– ಒಬ್ಬ ಓದುಗ, ಇಂಡಿ ತಾಲೂಕು

ಉತ್ತರ: ಕಾಕಾ ಹೇಳುವುದು ಸರಿ. ಆದರೆ ಕಾಕಾ ಸರಿ ಅಂತ ನಲ್ಲಿಯಲ್ಲಿ ನೀರು ಬರುವುದಿಲ್ಲ, ಅಲ್ವಾ?

ಇಂಥ ಒಂದು ಘಟಕವನ್ನು ನಾನೂ ನೋಡಿದ್ದೇನೆ, ಊರ ಹೆಸರು ಬೇಡ. ನಾಣ್ಯ ಹಾಕುವ ಕಿಂಡಿಯಲ್ಲಿ ಯಾರೋ ತಗಡಿನ ಚೂರು ತುರುಕಿದ್ದರು. ಕೊಡ ಇಡುವ ಕಟ್ಟೆ ಮೇಲೆ ಒಬ್ಬ ಅಜ್ಜಿ ಶೇಂಗಾ ಒಣಹಾಕಿ ಕೋಳಿ ಕಾಯುತ್ತಾ ಕೂತಿದ್ದಳು. ಘಟಕ ಕಟ್ಟುವುದಕ್ಕೆ ಅನುದಾನ ಬರುತ್ತದೆ, ಟೆಂಡರ್ ಆಗುತ್ತದೆ, ಉದ್ಘಾಟನೆಗೆ ಪೆಂಡಾಲ್ ಬೀಳುತ್ತದೆ. ಆಮೇಲೆ ನೀರು ಸೋಸುವ ಮೆಂಬ್ರೇನ್ ಬದಲಿಸಬೇಕು, ಮೋಟಾರು ಸುಟ್ಟರೆ ಕಟ್ಟಿಸಬೇಕು, ಕರೆಂಟ್ ಬಿಲ್ ತುಂಬಬೇಕು, ನೋಡಿಕೊಳ್ಳುವ ಹುಡುಗನಿಗೆ ಪಗಾರ ಕೊಡಬೇಕು. ಮೆಂಬ್ರೇನ್ ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ ನೋಡಿ.

ಸಂಸ್ಥೆಯವರ ಲೆಕ್ಕ ಬೇರೆ. ಯಂತ್ರ ನಿಂತ ದಿನ ಅವರ ರೊಕ್ಕವೂ ನಿಂತಿತು. ಹಾಗಾಗಿ ಬೆಳಿಗ್ಗೆ ಕೆಟ್ಟರೆ ಸಂಜೆಯೊಳಗೆ ರಿಪೇರಿಯವನು ಬೈಕ್ ಮೇಲೆ ಬರುತ್ತಾನೆ. ಅವರು ಒಳ್ಳೆಯವರು ಅಂತಲ್ಲ, ಅವರ ಹೊಟ್ಟೆಪಾಡು ಅದರಲ್ಲಿದೆ ಅಂತ. ಆದರೆ ಅಪಾಯ ಇರುವುದೂ ಅಲ್ಲೇ. 500 ಮನೆಯ ಊರಲ್ಲಿ ಗಿಟ್ಟುವುದು ಪಕ್ಕದ 40 ಮನೆಯ ತಾಂಡಾದಲ್ಲಿ ಗಿಟ್ಟುವುದಿಲ್ಲ, ಅಲ್ಲಿಗೆ ಅವರು ಹೋಗುವುದೂ ಇಲ್ಲ. ‘ಗಿರಾಕಿ ಕಡಿಮೆ’ ಅಂತ ಸರ್ಕಾರ ಹೇಳುವ ಹಾಗಿಲ್ಲ.

ದಿನಕ್ಕೆ ಒಂದು ಕ್ಯಾನ್ ಅಂದರೆ ತಿಂಗಳಿಗೆ 150 ರೂಪಾಯಿ. ಕೂಲಿ ಇಲ್ಲದ ವಾರ ಮನೆಯವಳು ಮತ್ತೆ ಬೋರಿನ ನೀರಿಗೇ ಹೋಗುತ್ತಾಳೆ. ನಮ್ಮ ಕಡೆ ಎಷ್ಟೋ ಬೋರುಗಳಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ, ಕಾಯಿಸಿದರೂ ಬಟ್ಟೆಯಲ್ಲಿ ಸೋಸಿದರೂ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಆ ಸಂಸ್ಥೆಯವರನ್ನು ಮೊದಲು ಕೇಳಬೇಕಾದ್ದು ಇದು: 5 ರೂಪಾಯಿ ಇಲ್ಲದವರ ನೀರಿನ ಖರ್ಚು ಯಾರ ಮೇಲೆ? ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ ಇದಕ್ಕೆ ಉತ್ತರ ಇಟ್ಟುಕೊಂಡೇ ಬೆಳೆಯಿತು. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ 1976ರಲ್ಲಿ 11 ಹಾಸಿಗೆ ಹಾಕಿ ಶುರು ಮಾಡಿದ್ದು ಅದು. ಅಲ್ಲಿ ದುಡ್ಡು ಕೊಡುವ ರೋಗಿಯ ಫೀಸಿನಲ್ಲಿ ದುಡ್ಡಿಲ್ಲದವನ ಆಪರೇಷನ್ನೂ ನಡೆಯುತ್ತದೆ. ನಿಮ್ಮ ಸಂಸ್ಥೆಯವರು ಈ ಪ್ರಶ್ನೆಗೆ ಸುಮ್ನೆ ನಕ್ಕರೆ ಹುಷಾರು.

ಕೊಡುವುದಾದರೆ ನಡೆಸುವುದಕ್ಕೆ ಮಾತ್ರ ಕೊಡಿ. ಕಟ್ಟಡ, ಬೋರು ಪಂಚಾಯಿತಿಯದೇ ಇರಲಿ. ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ: ಕರಾರು 3 ವರ್ಷಕ್ಕೆ, ಸಭೆ ಒಪ್ಪದೆ ದರ ಏರಿಸುವಂತಿಲ್ಲ, ಫ್ಲೋರೈಡ್ ಪರೀಕ್ಷೆಯ ವರದಿ ಬಾಗಿಲ ಮೇಲೆ ಅಂಟಿಸಬೇಕು. ಘಟಕದ ಹಿಂದೆ ಹರಿದುಹೋಗುವ ವೇಸ್ಟ್ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ, ಅದನ್ನು ಯಾರೂ ಕೇಳುವುದೇ ಇಲ್ಲ. ಇನ್ನು ಕಾಕಾಗೆ ಒಂದು ಕೆಲಸ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿ: ಈ ಘಟಕದ ನಿರ್ವಹಣೆಗೆ ಇಷ್ಟು ವರ್ಷ ಎಷ್ಟು ಖರ್ಚು ಹಾಕಿದ್ದೀರಿ ಅಂತ. ಪಿಡಿಒ 30 ದಿನದಲ್ಲಿ ಉತ್ತರ ಕೊಡಲೇಬೇಕು. ಖಾಸಗಿ ಸಂಸ್ಥೆಗೆ ನೇರವಾಗಿ ಹಾಗೆ ಕೇಳಲು ಬರುವುದಿಲ್ಲ, ಕರಾರು ಪಂಚಾಯಿತಿಯ ಮೂಲಕವೇ ಆಗಲಿ ಅನ್ನುವುದು ಅದಕ್ಕೇ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆ ನಲ್ಲಿಗೇ ಬರಬೇಕು. ಫಿಲ್ಟರ್ ನೀರು ಸಿಕ್ಕಿತು ಅಂತ ಆ ಬೇಡಿಕೆ ಬಿಡಬೇಡಿ.

ಪ್ರಶ್ನೆ: ಬಿಸಿಯೂಟವನ್ನು ಹುಬ್ಬಳ್ಳಿಯಲ್ಲಿ ಇರುವಂಥ ದೊಡ್ಡ ಅಡುಗೆಮನೆಗೆ ವಹಿಸಿದರೆ ನಮ್ಮಂಥ ಶಿಕ್ಷಕರಿಗೆ ತಲೆನೋವು ತಪ್ಪುತ್ತಿತ್ತಲ್ಲವೇ?
– ಒಬ್ಬ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ತಲೆನೋವು ಅರ್ಥವಾಗುತ್ತದೆ ಮೇಡಂ, ಗ್ಯಾಸ್ ಸಿಲಿಂಡರ್ ಲೆಕ್ಕ ಬರೆಯಲು ಯಾರೂ ಬಿ.ಎಡ್. ಮಾಡುವುದಿಲ್ಲ. ಹುಬ್ಬಳ್ಳಿಯ ಆ ಅಡುಗೆಮನೆ ನಡೆಸುವ ಅಕ್ಷಯ ಪಾತ್ರ ಸಂಸ್ಥೆ 2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಬಡಿಸಲು ಶುರುಮಾಡಿದಾಗ ಸರ್ಕಾರ ಇನ್ನೂ ಹಿಂದಿತ್ತು. ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರ್‌ನಲ್ಲಿ. ಆದರೆ ಪ್ರತಿ ಮಗುವಿಗೂ ಊಟ ಹಕ್ಕಾಗಿದ್ದು ಆ ಆದೇಶದಿಂದ, ಅಡುಗೆಮನೆಯಿಂದಲ್ಲ. ಇವತ್ತಿಗೂ ಅಂಥ ಅಡುಗೆಮನೆಗಳಿಗೆ ಅಕ್ಕಿ, ಅನುದಾನ ಸರ್ಕಾರದ್ದೇ, ಮೇಲಿನದ್ದಕ್ಕೆ ದೇಣಿಗೆ.

ಪೇಟೆಯ ಶಾಲೆಗಳಿಗೆ ಆ ವ್ಯವಸ್ಥೆ ಚೆನ್ನ. 40 ಕಿಲೋಮೀಟರ್ ಆಚೆಯ ಹಳ್ಳಿಗೆ ಬರುವಷ್ಟರಲ್ಲಿ ಅನ್ನ ಮುದ್ದೆಗಟ್ಟಿರುತ್ತದೆ. ಆ ಸಂಸ್ಥೆಯ ಅಡುಗೆಯಲ್ಲಿ ಮೊಟ್ಟೆ ಇಲ್ಲ, ಈರುಳ್ಳಿ-ಬೆಳ್ಳುಳ್ಳಿ ಇಲ್ಲ. ಒಗ್ಗರಣೆಗೆ ಬೆಳ್ಳುಳ್ಳಿ ಬೀಳದ ಸಾರನ್ನು ನಿಮ್ಮ ಮಕ್ಕಳು ಎಷ್ಟು ದಿನ ಉಂಡಾರು? 2021ರ ಡಿಸೆಂಬರ್‌ನಲ್ಲಿ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಮೊದಲ 7 ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಇತ್ತು. ಅದನ್ನು ಬೇಯಿಸಿ ಕೊಟ್ಟವರು ಊರಿನ ಅಡುಗೆಯಕ್ಕಂದಿರೇ. ಅವರ ಕೆಲಸ ಉಳಿಯಲಿ, ನಿಮ್ಮ ಲೆಕ್ಕ ಬರೆಯಲು ಬೇರೆಯವರು ಬರಲಿ. ಕೇಳುವುದಾದರೆ ಅದನ್ನು ಕೇಳಿ.

ಪ್ರಶ್ನೆ: ಬೆಳಗಾವಿಯ ಕೆಲವು ವಾರ್ಡ್‌ಗಳಿಗೆ 24 ತಾಸು ನೀರು ಕೊಟ್ಟ ಕಂಪನಿಯದೂ ಸಾಮಾಜಿಕ ಉದ್ಯಮವೇ?
– ಒಬ್ಬ ಓದುಗ, ಬೆಳಗಾವಿ

ಉತ್ತರ: ಅಲ್ಲ. ವಿಶ್ವಬ್ಯಾಂಕ್ ಸಾಲದಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯಲ್ಲಿ ಪ್ರಯೋಗಕ್ಕೆ ಅಂತ ಮಾಡಿದ್ದು ಅದು. ಪೈಪು ಸರ್ಕಾರದ್ದು, ನೀರು ಸರ್ಕಾರದ್ದು, ನಡೆಸಿದ್ದಕ್ಕೆ ಕಂಪನಿಗೆ ಫೀಸು. ಗುತ್ತಿಗೆದಾರ, ಅಷ್ಟೇ.