ಜೇಬಿನಲ್ಲಿ ಇಟ್ಟು ನೋಡಿದ 500 ರೂಪಾಯಿ

(ಹೆಸರು, ಊರು, ಕಸುಬು, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಮಂಜಣ್ಣ, 37 ವರ್ಷ, ಟ್ರ್ಯಾಕ್ಟರ್ ಮೆಕ್ಯಾನಿಕ್. ಹೆಂಡತಿ ಸುಜಾತಾ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. 7 ವರ್ಷದ ಮಗಳಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಆಪ್ತಸಲಹೆಗೆ ಬಂದದ್ದು ಜಗಳದ ಕಾರಣಕ್ಕೆ. ಚೀಟಿ ಎತ್ತಿದ ಸಂಗತಿಯನ್ನು ಸುಜಾತಾ ತಮ್ಮ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದರು. ಅದು ಕಿವಿಗೆ ಬಿದ್ದದ್ದೇ ತಡ, ಮಂಜಣ್ಣ ಉಣ್ಣುತ್ತಿದ್ದ ತಟ್ಟೆಯನ್ನು ಗೋಡೆಗೆ ಎಸೆದರು. ಮಗಳು ಬಾಗಿಲ ಸಂದಿಯಲ್ಲಿ ಹೋಗಿ ನಿಂತಳು. "ದುಡ್ಡೇ ಹೋಗಿದ್ರೂ ಇಷ್ಟು ಸಿಟ್ಟು ಬರ್ತಿರ್ಲಿಲ್ಲ ಮೇಡಂ. ಹೇಳಿಬಿಟ್ಳಲ್ಲ!" ಎಂಬ ಮಾತನ್ನು ಅವರು ಮತ್ತೆ ಮತ್ತೆ ಹೇಳಿದರು.

ಸಿಟ್ಟಿನ ಪ್ರಕರಣ ಎಂದು ದಾಖಲಿಸಿ ಸಿಟ್ಟು ಹತೋಟಿಯ ಪಾಠ ಹೇಳಿದ್ದರೆ ಇದು ಅಲ್ಲಿಗೇ ಮುಗಿಯುತ್ತಿತ್ತು, ಮುಂದಿನ ತಟ್ಟೆ ಹಾರುವವರೆಗೆ. ನಿದ್ದೆಯ ಬಗ್ಗೆ ಕೇಳಿದಾಗ ಬೇರೆಯದೇ ಚಿತ್ರ ಸಿಕ್ಕಿತು. ರಾತ್ರಿ ಎರಡು, ಮೂರು ಗಂಟೆಗೆ ಎಚ್ಚರವಾಗುತ್ತದೆ. ಎದ್ದು ಚಿಲಕ ನೋಡಿ ಬಂದು ಮಲಗುತ್ತಾರೆ, ಮತ್ತೆ ಏಳುತ್ತಾರೆ. ವಾರಕ್ಕೆ ಎರಡು ಮೂರು ಸಲ ಅದೇ ಕೆಟ್ಟ ಕನಸು. ಕುಡಿಯುವವರು ಸೇರುವ ಮದುವೆಗೆ ಹೋಗುವುದಿಲ್ಲ. ಹಿಂದಿನಿಂದ ಯಾರಾದರೂ ಭುಜ ಮುಟ್ಟಿದರೆ ಕೈಯಲ್ಲಿದ್ದ ಸ್ಪ್ಯಾನರ್ ಮೇಲೇಳುತ್ತದೆ.

ಅಪ್ಪ ಕುಡಿಯುತ್ತಿದ್ದರು. ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಗುವ ಮುಂಚಿನ ಪ್ಯಾಕೆಟ್ ಸಾರಾಯಿಯ ಕಾಲ. ಹೊಸ್ತಿಲಲ್ಲಿ ಅಪ್ಪ ಚಪ್ಪಲಿ ಬಿಡುವ ಸದ್ದಿನಲ್ಲೇ ಹುಡುಗ ಅಳೆಯುತ್ತಿದ್ದ: ಎರಡೂ ಒಟ್ಟಿಗೆ ಬಿದ್ದರೆ ಪರವಾಗಿಲ್ಲ, ಒಂದು ಬಿದ್ದು, ತಡವಾಗಿ ಇನ್ನೊಂದು ಬಿದ್ದರೆ ಹಿತ್ತಲಿಗೆ ಓಡಬೇಕು. ಏಳನೇ ತರಗತಿಯಲ್ಲಿ ಬಂದ ವಿದ್ಯಾರ್ಥಿವೇತನವನ್ನು ರಾಗಿ ಡಬ್ಬಿಯಲ್ಲಿ ಬಚ್ಚಿಟ್ಟು ಅವ್ವನಿಗೊಬ್ಬಳಿಗೇ ಹೇಳಿದ್ದ. ಹೊಡೆತ ತಾಳಲಾರದೆ ಅವ್ವ ಅಪ್ಪನಿಗೆ ಜಾಗ ತೋರಿಸಿದಳು. ಅಪ್ಪನ ಏಟುಗಳನ್ನು ಮಂಜಣ್ಣ ಲೆಕ್ಕ ಕೊಟ್ಟಂತೆ ಹೇಳಿ ಮುಗಿಸಿದರು. ಡಬ್ಬಿಯ ಮಾತು ಬಂದಾಗ ಅವರ ಗಂಟಲು ಕಟ್ಟಿತು.

ಈ ವ್ಯತ್ಯಾಸವೇ ಪ್ರಕರಣದ ಬೇರು. ಹೊಡೆಯುವವನನ್ನು ನಂಬಬಾರದೆಂದು ಮಗು ಬೇಗ ಕಲಿಯುತ್ತದೆ, ಆ ಪಾಠ ಅವನೊಬ್ಬನಿಗೇ ಅಂಟಿಕೊಂಡು ಉಳಿಯಬಹುದು. ಕಾಯಬೇಕಾದವರೇ ಕೈಬಿಟ್ಟರೆ ಹತ್ತಿರದವರೆಲ್ಲರೂ ಅನುಮಾನದ ಪಟ್ಟಿಗೆ ಸೇರಬಹುದು. ಅದಕ್ಕೇ ಮಂಜಣ್ಣ ಗಿರಾಕಿಗೆ ಸಾವಿರಾರು ರೂಪಾಯಿ ಸಾಲ ಬಿಡುತ್ತಾರೆ, ಹೆಂಡತಿಗೆ ದಿನದ ಗಳಿಕೆ ಹೇಳುವುದಿಲ್ಲ.

ಬಾಲ್ಯದ ಕಷ್ಟಗಳನ್ನು ಅಂಕಗಳಲ್ಲಿ ಎಣಿಸುವ ಪದ್ಧತಿ ಈಗ ಮೊಬೈಲಿನಲ್ಲೂ ಓಡಾಡುತ್ತಿದೆ. ಅದರ ಮೂಲ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 17,000ಕ್ಕೂ ಹೆಚ್ಚು ಜನರನ್ನು ಕೇಳಿ ನಡೆಸಿದ ಅಧ್ಯಯನ. ಮೊದಲ ವರದಿ ಬಂದದ್ದು 1998ರಲ್ಲಿ. ಅಂಕ ಏರಿದಷ್ಟೂ ಖಿನ್ನತೆ, ಕುಡಿತ, ಆತ್ಮಹತ್ಯೆ ಯತ್ನದ ಸಾಧ್ಯತೆ ಏರುತ್ತದೆಂದು ಅದು ತೋರಿಸಿತು. ಆ ಮಾತು ಜನಸಮೂಹಕ್ಕೆ ಸರಿ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಅದನ್ನು ಬಳಸಬಾರದೆಂದು 2020ರಲ್ಲಿ ಆಂಡಾ ಅವರೇ ಸಹಲೇಖಕರೊಂದಿಗೆ ಎಚ್ಚರಿಸಿದ್ದಾರೆ. ಒಂದು ವರ್ಷ ನಡೆದದ್ದಕ್ಕೂ ಹತ್ತು ವರ್ಷ ನಡೆದದ್ದಕ್ಕೂ ಅಲ್ಲಿ ಅಂಕ ಒಂದೇ. ಮಂಜಣ್ಣನಿಗೆ 10ಕ್ಕೆ 5 ಬರುತ್ತದೆ. ಆ 5ರಲ್ಲಿ ರಾಗಿ ಡಬ್ಬಿ ಎಲ್ಲಿಯೂ ಇಲ್ಲ.

ಹೆಚ್ಚು ಉಪಯೋಗಕ್ಕೆ ಬಂದದ್ದು ಅಂತರರಾಷ್ಟ್ರೀಯ ಆಘಾತ ಪ್ರಶ್ನಾವಳಿ. 18 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 4. 2 ಅಥವಾ ಹೆಚ್ಚು ಬಂದರೆ ಆ ಲಕ್ಷಣ ಅಥವಾ ತೊಂದರೆ ಇದೆ ಎಂದರ್ಥ. ಹಳೆಯದು ಕಣ್ಣ ಮುಂದೆ ಮರುಕಳಿಸುವುದು, ಅದನ್ನು ನೆನಪಿಸುವುದರಿಂದ ತಪ್ಪಿಸಿಕೊಳ್ಳುವುದು, ಸದಾ ಅಪಾಯದ ನಿರೀಕ್ಷೆ ಎಂಬ ಮೂರು ಗುಂಪುಗಳ ಜೊತೆಗೆ ಭಾವನೆ ಹತೋಟಿ ತಪ್ಪುವುದು, ತಾನು ಕೆಲಸಕ್ಕೆ ಬಾರದವನೆಂಬ ಭಾವ, ಸಂಬಂಧದಲ್ಲಿ ದೂರ ಉಳಿಯುವುದು, ಇವೂ ಮೂರು ಇದ್ದವು. ವಿಶ್ವ ಆರೋಗ್ಯ ಸಂಸ್ಥೆಯ, 2022ರಲ್ಲಿ ಜಾರಿಗೆ ಬಂದ ಕಾಯಿಲೆಗಳ ವರ್ಗೀಕರಣದಲ್ಲಿ ಈ ಆರೂ ಸೇರಿ ದಿನನಿತ್ಯದ ಬದುಕಿಗೆ ಅಡ್ಡಿಯಾದರೆ ಅದು ಸಂಕೀರ್ಣ ಆಘಾತೋತ್ತರ ಒತ್ತಡದ ಕಾಯಿಲೆ. ಪ್ರಶ್ನಾವಳಿ ಸುಳಿವು ಕೊಡುತ್ತದೆ ಅಷ್ಟೆ. ಕಾಯಿಲೆ ನಿರ್ಧರಿಸಿದ್ದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು. ನಿದ್ದೆಗೆಂದು ಮಂಜಣ್ಣ ಮೆಡಿಕಲ್ ಶಾಪಿನಿಂದ ವೈದ್ಯರ ಚೀಟಿ ಇಲ್ಲದೆ ತಂದು ನುಂಗುತ್ತಿದ್ದ ಆಲ್‌ಪ್ರಜೋಲಾಂ ಮಾತ್ರೆಯೂ ಆಗಲೇ ಹೊರಬಿತ್ತು. ಅದು ಆಘಾತದ ಕಾಯಿಲೆಗೆ ಮದ್ದಲ್ಲ, ಹಾಗೆಂದು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ವೈದ್ಯರು ವಾರಗಟ್ಟಲೆ ತೆಗೆದುಕೊಂಡು ಪ್ರಮಾಣ ಇಳಿಸಿದರು.

ಹಳೆಯದನ್ನು ಕೆದಕುವ ಮೊದಲು ಮೂರು ಪ್ರಶ್ನೆಗಳನ್ನು ನೇರವಾಗಿ ಕೇಳಲಾಯಿತು: ಸಾಯುವ ಯೋಚನೆ ಇದೆಯೇ, ಕುಡಿತ ಇದೆಯೇ, ಮನೆಯಲ್ಲಿ ಕೈ ಎತ್ತಿದ್ದೀರಾ. ಕೊನೆಯದನ್ನು ಸುಜಾತಾರನ್ನು ಒಬ್ಬರೇ ಕೂರಿಸಿಕೊಂಡೂ ಕೇಳಿದ್ದಾಯಿತು. ಗಂಡನ ಎದುರು ಸಿಗುವ ಉತ್ತರಕ್ಕೆ ಬೆಲೆ ಕಡಿಮೆ. ಹೊಡೆದಿರಲಿಲ್ಲ. ಆದರೆ ತಟ್ಟೆ ಎಸೆಯುವುದೂ ಹಿಂಸೆಯೇ, ಬಾಲ್ಯದ ನೋವು ಅದಕ್ಕೆ ರಿಯಾಯಿತಿ ಕೊಡುವುದಿಲ್ಲ ಎಂದು ಇಬ್ಬರಿಗೂ ಹೇಳಲಾಯಿತು. ಕೈ ಎತ್ತಿದರೆ ಮಗಳೊಂದಿಗೆ ಅಕ್ಕನ ಮನೆಗೆ ಹೋಗುವುದು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದು ಎಂಬ ಏರ್ಪಾಡು ಸುಜಾತಾರ ಬಳಿ ಇತ್ತು.

ಮೊದಲ ಕೆಲಸ ದೇಹದ್ದು. ಕಣ್ಣು ಮುಚ್ಚಿ ಉಸಿರಾಟ ಗಮನಿಸಲು ಹೇಳಿದರೆ ಆಘಾತ ಉಂಡವರಲ್ಲಿ ಕೆಲವರಿಗೆ ಗಾಬರಿ ಹೆಚ್ಚುತ್ತದೆ, ಮಂಜಣ್ಣನಿಗೂ ಹಾಗೇ ಆಯಿತು. ಆದ್ದರಿಂದ ಕಣ್ಣು ತೆರೆದು, ಅಂಗಾಲು ನೆಲಕ್ಕೊತ್ತಿ, 4 ಎಣಿಸುತ್ತ ಉಸಿರೆಳೆದು 6 ಎಣಿಸುತ್ತ ಬಿಡುವುದು. ದಿನಕ್ಕೆ ಎರಡು ಸಲ, 5 ನಿಮಿಷ, ಅದೂ ಮನಸ್ಸು ನೆಟ್ಟಗಿರುವಾಗ. ಸಿಟ್ಟು ನೆತ್ತಿಗೇರಿದ ಮೇಲೆ ಹೊಸದಾಗಿ ಕಲಿಯಲಾಗುವುದಿಲ್ಲ. ಚಿಲಕವನ್ನು ಮಲಗುವ ಮುನ್ನ ಒಂದೇ ಸಲ ನೋಡಿ "ಹಾಕಿದೆ" ಎಂದು ಬಾಯಿಬಿಟ್ಟು ಹೇಳುವುದು. ಕೆಟ್ಟ ಕನಸಿಗೆ ಹಗಲಿನಲ್ಲಿ ಬೇರೆ ಅಂತ್ಯ ಬರೆದು, ಬದಲಾದ ಕನಸನ್ನು ದಿನಾ 10 ನಿಮಿಷ ಮನಸ್ಸಿನಲ್ಲಿ ಓಡಿಸುವುದು.

ನಂಬಿಕೆಯ ವಿಷಯಕ್ಕೆ ಬಂದಾಗ 500 ರೂಪಾಯಿ ಹೊರಬಂತು. ಹೆಂಡತಿ ಹೇಳುತ್ತಾಳೋ ಇಲ್ಲವೋ ನೋಡೋಣವೆಂದು ಮಂಜಣ್ಣ ಅಂಗಿ ಜೇಬಿನಲ್ಲಿ 500ರ ನೋಟು ಬಿಟ್ಟು ಒಗೆಯಲು ಹಾಕಿದ್ದರು. ಸುಜಾತಾ ಅದರಿಂದ ತರಕಾರಿ ತಂದು ಮಿಕ್ಕದ್ದನ್ನು ದೇವರ ಗೂಡಿನಲ್ಲಿಟ್ಟರು, ಹೇಳಲು ಮರೆತರು. ಪರೀಕ್ಷೆ ನಡೆದದ್ದೇ ಆಕೆಗೆ ಗೊತ್ತಿಲ್ಲ, ಫಲಿತಾಂಶ ಮಾತ್ರ ಬಂದಾಯಿತು. ಗುಟ್ಟಿನ ಪರೀಕ್ಷೆಯಲ್ಲಿ ಯಾರೂ ಪಾಸಾಗುವುದಿಲ್ಲ: ತಪ್ಪಿದರೆ ಅನುಮಾನ ನಿಜವಾಯಿತು, ಗೆದ್ದರೆ "ಈ ಸಲ ಹುಷಾರಾದಳು". ಇದರ ಬದಲು ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕೆಂದು ಸಲಹೆ ಕೊಡಲಾಯಿತು. "ಜೇಬಲ್ಲಿ ದುಡ್ಡು ಸಿಕ್ರೆ ಅವತ್ತೇ ಹೇಳು." ಒಂದು ವಾರಕ್ಕೆ ಒಂದೇ ಕೋರಿಕೆ, ನಡೆದಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದಾದದ್ದು. "ನನ್ನನ್ನು ಅರ್ಥ ಮಾಡಿಕೊ" ಎಂಬಂಥದ್ದು ಬೇಡ, ಅದನ್ನು ಅಳೆಯಲಾಗದು. ನಂಬಿಕೆಯನ್ನು ಹಣದ್ದು, ಗುಟ್ಟಿನದು, ಕಷ್ಟಕ್ಕೆ ಒದಗುವುದು ಎಂದು ಬಿಡಿಸಿ ನೋಡಿದಾಗ, ಜ್ವರ ಬಂದರೆ ಸುಜಾತಾ ಬಿಟ್ಟುಹೋಗುವುದಿಲ್ಲ ಎಂಬ ನಂಬಿಕೆ ತಮಗೆ ಮೊದಲಿನಿಂದಲೂ ಇದೆ ಎಂದು ಮಂಜಣ್ಣನೇ ಕಂಡುಕೊಂಡರು.

ಸುಜಾತಾಗೆ ಹೇಳಿದ್ದು ಕಡಿಮೆ. ನಿದ್ದೆಯಲ್ಲಿರುವಾಗ ಮುಟ್ಟಿ ಎಬ್ಬಿಸಬೇಡಿ, ಕಾಲ ಬಳಿ ನಿಂತು ಹೆಸರು ಹಿಡಿದು ಕೂಗಿ (ಗಂಡನ ಹೆಸರು ಹೇಳಲು ನಾಚಿದ್ದಕ್ಕೆ "ರೀ" ಸಾಕೆಂದಾಯಿತು). "ನನ್ ಮೇಲೆ ನಂಬಿಕೆ ಇಲ್ವಾ?" ಎಂದು ಜಗಳದ ಮಧ್ಯೆ ಕೇಳಬೇಡಿ. ಮನೆಯ ಹಣದ ವಿಷಯ ತವರಿಗೆ ತಿಳಿಸಬೇಕಿದ್ದರೆ ಮುಂಚೆ ಗಂಡನಿಗೆ ಒಂದು ಮಾತು ಹೇಳಿ. ಇದು ಅಪ್ಪಣೆ ಕೇಳುವುದಲ್ಲ, ಇದೇ ನಿಯಮ ಮಂಜಣ್ಣನಿಗೂ ಉಂಟು.

"ಹೆತ್ತವ್ವ, ಕ್ಷಮಿಸಿಬಿಡು" ಎಂದು ಬಂಧುಗಳ ಒತ್ತಾಯವಿತ್ತು. ಕ್ಷಮೆಯನ್ನು ಸಲಹೆಯಲ್ಲಿ ಸೇರಿಸಲಿಲ್ಲ. ಅವ್ವ ಯಾಕೆ ಬಾಯಿಬಿಟ್ಟಳೆಂದು ಮಂಜಣ್ಣನಿಗೆ ಚೆನ್ನಾಗಿ ಗೊತ್ತು, ಆದರೂ ಎದೆಬಡಿತ ಇಳಿಯುವುದಿಲ್ಲ. ನಿದ್ದೆ ಸ್ಥಿರವಾಗುವವರೆಗೆ ಅವ್ವನ ಬಳಿ ಆ ಮಾತು ಎತ್ತುವುದು ಬೇಡ ಎಂದಷ್ಟೇ ಹೇಳಿದ್ದು. ಆ ನೆನಪುಗಳ ಮೇಲಿನ ಚಿಕಿತ್ಸೆ ತರಬೇತಿ ಪಡೆದ ಕ್ಲಿನಿಕಲ್ ಮನಃಶಾಸ್ತ್ರಜ್ಞರ ಕೆಲಸ. ಅಲ್ಲಿಗೆ ಕಳಿಸಲಾಗಿದೆ.

ಮಗಳ ವಿಷಯ ಕಾಯುವಂತಿರಲಿಲ್ಲ. ಮೊದಲ ವಾರವೇ ಮಂಜಣ್ಣ ಅವಳೆದುರು ಕೂತು, ಕಲಿತ ಮಾತುಗಳನ್ನೇ ಹೇಳಿದರು: "ಅಪ್ಪ ತಟ್ಟೆ ಎಸೆದದ್ದು ತಪ್ಪು. ನಿನ್ನಿಂದ ಆದದ್ದಲ್ಲ. ಸಿಟ್ಟು ಬಂದ್ರೆ ಅಪ್ಪ ಹೊರಗೆ ಹೋಗ್ತೀನಿ, ಅರ್ಧ ಗಂಟೇಲಿ ಬರ್ತೀನಿ." ವಿವರಣೆ, ಅಳು, ಚಾಕ್ಲೆಟ್ ಯಾವುದೂ ಬೇಡವೆಂದು ಹೇಳಿಕಳಿಸಲಾಗಿತ್ತು.

ನಾಲ್ಕು ತಿಂಗಳ ಹೊತ್ತಿಗೆ ಕೆಟ್ಟ ಕನಸು ಹದಿನೈದು ದಿನಕ್ಕೊಮ್ಮೆಗೆ ಇಳಿದಿದೆ. ದಿನದ ಗಳಿಕೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಜಂಟಿ ಖಾತೆಗೆ ಇನ್ನೂ ಒಪ್ಪಿಲ್ಲ, ಅವಸರವೂ ಇಲ್ಲ. ಸತತ ಮೂರು ರಾತ್ರಿ ನಿದ್ದೆ ಕೆಟ್ಟರೆ, ಮಾತ್ರೆಗೆ ಮತ್ತೆ ಕೈ ಹೋದರೆ ಸರದಿಗೆ ಕಾಯದೆ ಬರಲು ಹೇಳಿದೆ. ನಡುರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416; ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.